ನನ್ನ ಮೊಮ್ಮಗಳಿಗೆ ಬಸಿಯಲ್ಲಿ ಚಹಾ ಕುಡಿಯಲು ಕಲಿಸಿದ ಎಮ್ಮೆಗೆ

ಬಸವಕಲ್ಯಾಣ,
ಆಷಾಢದ ಒಂದು ಸೋಮವಾರ, ೧೯೭೪

ಮಾನ್ಯ ಎಮ್ಮೆಯವರೇ,

ಬೆಳಗಾಗೆದ್ದು ತಮ್ಮದೇ ಹಾಲಿನ ಚಹಾ ಕುಡಿದು, ತಮ್ಮ ಕೊಂಬು, ಕೆಚ್ಚಲು, ಬಾಲಗಳ ಕ್ಷೇಮವನ್ನು ದೇವರಲ್ಲಿ ಬೇಡಿಕೊಂಡು, ಬೆಲ್ಲದ ವ್ಯಾಪಾರಿ ಮಹಾರುದ್ರಪ್ಪನಾದ ನಾನು ಎರಡೂ ಕೈ ಜೋಡಿಸಿ ಬರೆಯುತ್ತಿರುವ ದೂರು ಇದು. ತಮಗೂ ನನಗೂ ನಡುವೆ ಇರುವುದು ಒಂದು ಮಣ್ಣಿನ ಗೋಡೆ ಮಾತ್ರ. ಕೊಟ್ಟಿಗೆಗೆ ಬಂದು ಕಿವಿಯಲ್ಲೇ ಹೇಳಬಹುದಿತ್ತು. ಆದರೆ ತಮ್ಮ ಹೆಸರನ್ನು ನಾನು ಊರ ಮುಂದೆ ಎತ್ತಿರುವುದರಿಂದ, ಈ ಪತ್ರವನ್ನೂ ಊರಿಗೆಲ್ಲ ಕಾಣುವಂತೆ ಅಂಗಡಿಯ ಬಾಗಿಲಿಗೆ ಅಂಟಿಸುವುದೇ ನ್ಯಾಯವೆಂದು ತಿಳಿದಿದ್ದೇನೆ.

ಹೋದ ವಾರ ಸಾಲಿಯ ಅಂಗಳದಲ್ಲಿ ಆರೋಗ್ಯವಂತ ಮಕ್ಕಳ ಸ್ಪರ್ಧೆ ನಡೆಯಿತು. ತಾವು ಆಗ ಕೆರೆಯಲ್ಲಿದ್ದಿರಿ, ಹಾಗಾಗಿ ನಡೆದದ್ದನ್ನು ನಾನೇ ಅರಿಕೆ ಮಾಡಿಕೊಳ್ಳಬೇಕು. ನನ್ನ ನಾಲ್ಕು ವರ್ಷದ ಮೊಮ್ಮಗಳು ಮಾಣಿಕಮ್ಮ ತೂಕದಲ್ಲಿ ಪಾಸಾದಳು, ಎತ್ತರದಲ್ಲಿ ಪಾಸಾದಳು, ಬಹುಮಾನದ ಸ್ಟೀಲ್ ಡಬ್ಬಿ ಇನ್ನೇನು ನಮ್ಮದೇ ಎಂದು ನಾನು ಮೀಸೆ ತಿರುವುತ್ತಿದ್ದೆ. ಅಷ್ಟರಲ್ಲಿ ಡಾಕ್ಟರಬಾಯಿ ಅವಳ ಗಲ್ಲ ಹಿಡಿದು, ಮುಂಜಾನೆ ಎದ್ದವಳು ಏನೇನು ಮಾಡುತ್ತೀ ತೋರಿಸವ್ವಾ ಎಂದುಬಿಟ್ಟರು. ಕೂಸು ಹಿಂದೆ ಮುಂದೆ ನೋಡಲಿಲ್ಲ. ಲಂಗದ ಅಂಚನ್ನು ಧೋತರದಂತೆ ಎತ್ತಿ ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಇಲ್ಲದ ತಂಬಾಕನ್ನು ಅಂಗೈಯಲ್ಲಿ ತಿಕ್ಕಿ ತಟ್ಟಿ ತುಟಿಯೊಳಗಿಟ್ಟು, ಇಡೀ ಸಾಲಿ ತಿರುಗಿ ನೋಡುವಂತೆ ಕ್ಯಾಕರಿಸಿ, ಡಾಕ್ಟರಬಾಯಿಯ ಚಪ್ಪಲಿಯ ಪಕ್ಕಕ್ಕೆ ಉಗುಳಿ, ಬಾಯಿ ಮುಕ್ಕಳಿಸದೆ ಇಲ್ಲದ ಕಪ್ಪಿನಿಂದ ಇಲ್ಲದ ಬಸಿಗೆ ಸುರಿದುಕೊಂಡ ಇಲ್ಲದ ಚಹಾ ಸುರ್ರೆಂದು ಹೀರಿ, ಕೈಯನ್ನು ಅವರ ಬಿಳಿ ಕೋಟಿಗೆ ಒರೆಸಿ, "ಏ ಸೂಗಿ, ಇನ್ನೊಂದು ಬಸಿ ಚಾ ತಾ!" ಎಂದು ಕೂಗಿದಳು. ಸೂಗಮ್ಮ ನನ್ನ ಹೆಂಡತಿಯ ಹೆಸರು.

"ಇದೆಲ್ಲಾ ಯಾರ ಕಲಿಸ್ಯಾರ್ರಿ?" ಎಂದು ಡಾಕ್ಟರಬಾಯಿ ಕೇಳಿದಾಗ ಊರಿನ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ಬಾಯಲ್ಲಿ ತಂಬಾಕಿತ್ತು, ಯೋಚಿಸಲು ಹೊತ್ತಿರಲಿಲ್ಲ. ಪಕ್ಕಕ್ಕೆ ಉಗುಳಿ, "ನಮ್ಮ ಎಮ್ಮಿ ನೋಡಿ ಕಲ್ತಾಳ್ರಿ" ಎಂದೆ.

ಸೊಸೆ ಲಲಿತಾಬಾಯಿ ಮುಂದೆ ಬಂದು ಕೂಸಿನ ಲಂಗ ಇಳಿಸಿ ಸರಿಮಾಡಿದಳು. ಸಂಜೆಯ ಬಸ್ಸಿಗೇ ಮಗಳನ್ನು ಎತ್ತಿಕೊಂಡು ಹುಮನಾಬಾದಿನ ತವರಿಗೆ ಹೊರಟಳು. ಇಂಥ ಹೊತ್ತಿನಲ್ಲಿ ಮಾಯವಾಗುವ ಅಭ್ಯಾಸವಿರುವ ನನ್ನ ಮಗ ಅಂದೂ ಮಾಯವಾಗಿದ್ದ. ಹೊಸ್ತಿಲಲ್ಲಿ ನಿಂತು ಅವಳು ಹೇಳಿದ್ದಿಷ್ಟು: "ಅಮಾಸಿಗಿ ಬರ್ತೀನ್ರಿ ಮಾವಾರ. ಎಮ್ಮಿ ಬಸ್ಯಾಗ ಚಾ ಕುಡಿಯೋದು ಕಣ್ಣಾರೆ ನೋಡ್ತೀನಿ. ಕುಡಿದ್ರ ಇಲ್ಲೇ ಇರ್ತೀನಿ, ಇಲ್ಲಂದ್ರ ಕೂಸಿಗಿ ಅಲ್ಲೇ ಸಾಲಿಗಿ ಹಾಕ್ತೀನಿ." ತಮ್ಮ ಆಣೆ ಎಮ್ಮೆಯವರೇ, ಆ ಕೂಸಿಲ್ಲದೆ ಮನೆ ಬಿಕೋ ಎನ್ನುತ್ತಿದೆ, ಅಂಗಡಿಯಲ್ಲಿ ಬೆಲ್ಲ ಕದಿಯುವವರಿಲ್ಲದೆ ವ್ಯಾಪಾರಕ್ಕೂ ಮನಸ್ಸಿಲ್ಲ.

ತಮ್ಮ ಗುಣಗಳನ್ನು ಅಲ್ಲಗಳೆಯುವ ಕೃತಘ್ನ ನಾನಲ್ಲ. ತಾವು ತಂಬಾಕು ಮುಟ್ಟಿದವರಲ್ಲ. ಹಸಿರು ಸೊಪ್ಪು ತಿನ್ನುತ್ತೀರಿ, ತಿಂದದ್ದನ್ನು ಎರಡೆರಡು ಸಲ ಅಗಿಯುತ್ತೀರಿ, ನೀರು ಕಂಡಲ್ಲಿ ಸ್ನಾನ ಮಾಡುತ್ತೀರಿ, ಕತ್ತಲಾದರೆ ಮಲಗುತ್ತೀರಿ. ಡಾಕ್ಟರಬಾಯಿ ಊರಿಗೆಲ್ಲ ಹೇಳುವ ಬುದ್ಧಿಮಾತು ಈ ಮನೆಯಲ್ಲಿ ನಡೆಯುತ್ತಿರುವುದು ಕೊಟ್ಟಿಗೆಯೊಳಗೆ ಮಾತ್ರ. ನನಗೆ ಬಂದಿರುವ ಫಜೀತಿಯೂ ಅದೇ. ಇಷ್ಟು ಮರ್ಯಾದಸ್ಥರು ನನ್ನ ಪರವಾಗಿ ಸಾಕ್ಷಿ ಹೇಳುವುದಾದರೂ ಹೇಗೆ?

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಅಮಾವಾಸ್ಯೆಯೊಳಗೆ ಸ್ವಲ್ಪ ಕೆಡಬೇಕೆಂದು ಪ್ರಾರ್ಥನೆ. ಸೊಸೆ ನೋಡುತ್ತಿರುವಾಗ ಒಂದು ಬಸಿ ಚಹಾ ಸದ್ದು ಮಾಡಿ ಹೀರಬೇಕು, ಗಂಟಲು ಕೆರೆದು ಒಮ್ಮೆ ಕ್ಯಾಕರಿಸಬೇಕು, ಮೂತಿಯನ್ನು ಸಿಕ್ಕಿದವರ ಬಟ್ಟೆಗೆ ಒರೆಸಬೇಕು. "ಸೂಗಿ" ಎಂದು ಕೂಗುವುದು ತಮಗೆ ಕಷ್ಟವೆಂದು ಬಲ್ಲೆ. ಅಡಿಗೆಮನೆಯ ಕಡೆ ಮುಖ ಮಾಡಿ ಒಮ್ಮೆ ಒದರಿದರೂ ಸಾಕು, ಉಳಿದದ್ದು ನಾನು ಹೊಂದಿಸಿಕೊಳ್ಳುತ್ತೇನೆ.

ಇದನ್ನೆಲ್ಲ ಕಲಿಸಲು ಮೊನ್ನೆ ನಾನೇ ಖುದ್ದಾಗಿ ಬಂದಿದ್ದೆ. ತಾವು ಬಸಿಯನ್ನು ತುಳಿದು ಪುಡಿ ಮಾಡಿದಿರಿ. ಅಂಗೈಯ ತಂಬಾಕು ತೋರಿಸಿದರೆ ಮೂಗಿನಿಂದ ಉಸಿರು ಬಿಟ್ಟಿರಿ, ಅಷ್ಟೂ ಸಗಣಿಯಲ್ಲಿ ಬಿತ್ತು. ಹೆದರಿ ಕೈಬಿಟ್ಟ ತಂಬಾಕಿನ ಚೀಲವೂ ಅದರ ಹಿಂದೆಯೇ ಹೋಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಸೂಗಮ್ಮ, "ಎಮ್ಮಿಗಿ ಕೆಡಸೋಕಿಂತ ನೀವು ಸುಧಾರ್ಸೋದು ಸಸ್ತಾ ಆಗ್ತದ" ಎಂದಳು. ಇಂಥ ಮಾತಿಗೆಲ್ಲ ನಾನು ಕಿವಿಗೊಡುವವನಲ್ಲ. ಆದರೆ ತಂಬಾಕು ಹೋಗಿ ಕೈ ಸುಮ್ಮನಿರದೆ ಬೇವಿನ ಕಡ್ಡಿ ಹಿಡಿದಿದ್ದೇನೆ. ಬಸಿ ಒಡೆದದ್ದರಿಂದ ಚಹಾವನ್ನು ಲೋಟದಲ್ಲಿ ಆರಿಸಿ ಸದ್ದಿಲ್ಲದೆ ಕುಡಿಯುತ್ತಿದ್ದೇನೆ. ತಮ್ಮ ಸಗಣಿ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಲಾಗದೆ ಸಾಬೂನು ಹಚ್ಚಿ ತೊಳೆಯುತ್ತಿದ್ದೇನೆ. ಇದನ್ನು ಸುಧಾರಣೆ ಎಂದು ಯಾರೂ ತಪ್ಪು ತಿಳಿಯಬಾರದಾಗಿ ವಿನಂತಿ.

ತಮ್ಮ ಹಿಂಡಿಗೆ ನಾಳೆಯಿಂದ ಒಂದು ಮುಷ್ಟಿ ಬೆಲ್ಲ ಸೇರಿಸಲು ಸಿದ್ಧನಿರುವ,

ತಮ್ಮ ವಿಶ್ವಾಸಿ,
ಮಹಾರುದ್ರಪ್ಪ

ತಾ.ಕ.: ಗೋಂದು ಸಿಗದೆ ಈ ಪತ್ರ ಅಂಟಿಸುವುದು ತಡವಾಯಿತು, ಅಷ್ಟರಲ್ಲಿ ಅಮಾವಾಸ್ಯೆ ಬಂತು. ಲಲಿತಾಬಾಯಿ ತಮ್ಮ ಕಡೆ ತಿರುಗಿಯೂ ನೋಡದೆ, ನನ್ನ ಕೈಯಲ್ಲಿದ್ದ ಬೇವಿನ ಕಡ್ಡಿಯನ್ನೇ ನೋಡಿ, ನಕ್ಕು, ಬಟ್ಟೆಯ ಗಂಟು ಬಿಚ್ಚಿದಳು. ಮರುದಿನ ಮುಂಜಾನೆ ಮಾಣಿಕಮ್ಮ ತಾನೇ ಕಡ್ಡಿ ಕೇಳಿ, ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಹಲ್ಲು ತಿಕ್ಕಿದಳು, ಕೈ ತೊಳೆದಳು. ನನಗೆ ಕಣ್ಣು ತುಂಬಿ ಬಂತು. ಆದರೆ ನಿನ್ನೆ ಬೆಲ್ಲದ ಡಬ್ಬಿ ಖಾಲಿಯಾಗಿ, ಮೂಗಿನ ತುದಿಯವರೆಗೂ ಬೆಲ್ಲ ಮೆತ್ತಿಕೊಂಡು ನಿಂತಿದ್ದವಳನ್ನು ಯಾರು ತಿಂದರೆಂದು ಕೇಳಿದರೆ, ಕಣ್ಣು ಮಿಟುಕಿಸದೆ "ಎಮ್ಮಿ ತಿಂದದ" ಎಂದಳು. ಇದನ್ನು ಅವಳಿಗೆ ಯಾರು ಕಲಿಸಿದರೆಂದು ಸೂಗಮ್ಮ ಮನೆಯಲ್ಲಿ ವಿಚಾರಣೆ ಹೂಡಿದ್ದಾಳೆ. ತಾವು ದಯಮಾಡಿ ಬಾಯಿ ಬಿಡಬಾರದು.