ಹಿಂದ ಹೊಲ ಇದ್ದ ಬಾಗಿಲಾ

ಸಿಂದಗಿ ದಾರ್ಯಾಗಿನ ನಮ್ಮ ಸ್ಟುಡಿಯೋದಾಗ ಮೊದಲನೇ ಸಿನಿಮಾದ ಹೀರೋಗ ಕುದುರಿ ಹತ್ತೂದು ಕಲಿಸಿದವ ನಾನ. ಸುಳ್ಳು ಅನ್ನವರು ಹೀರೋನ್ನ ಕೇಳಬೇಕು, ಅಂವ ಹೋಗಿಬಿಟ್ಟಾನ. ಕುದುರೀನೂ ಹೋಗೇತಿ. ಹತ್ತಿ ಗೋದಾಮು ಸ್ಟುಡಿಯೋ ಆತು, ಆಮ್ಯಾಲೆ ಟೀವಿ ಧಾರಾವಾಹಿಯವರು ಬಂದ್ರು, ಈಗ ಕಲಾಕೇಂದ್ರ. ಯಾವ ಬೋರ್ಡು ಹಚ್ಚಿದ್ರೂ ಅಲ್ಲಿ ನಗೂವಂಥವು ನಡಿಯೂದು ತಪ್ಪಿಲ್ಲ.

ಮೊನ್ನೆ ಹೊಸದಾಗಿ ಬಂದ ಮೇಡಂ, ಮೂಲ್ಯಾಗಿನ ಹಲಿಗಿ ಬಾಗಿಲಾ ಕಿತ್ತು ಒಗಿತೇವಿ ಅಂದ್ರು. ಹೋಗಿ ಅವರ ಮುಂದ ಕುಂತು ಇಷ್ಟು ಹೇಳಿದೆ.

ಗೌಡರ ಸಿಟ್ಟು

ಸಿನಿಮಾದಾಗ ಗೌಡರ ವಾಡೆ ಅಂದ್ರ ಮುಂದಿನ ಹಲಿಗಿ ಅಷ್ಟ. ಗಾಳಿಗೆ ಬೀಳಬಾರದಂತ ಹಿಂದಿನಿಂದ ಗಳ ಕೊಟ್ಟು ಹಿಡಿಯೂದು ನನ್ನ ಕೆಲಸ. ಒಂದಿನ ಗೌಡನ ಪಾರ್ಟು ಮಾಡವ ಸಿಟ್ಟಿಗೆದ್ದು ಒಳಗ ಬಂದು ಬಾಗಿಲಾ ಧಡ್ ಅಂತ ಹಾಕಿದ. ಇಡೀ ವಾಡೆ ಮುಂದಕ್ಕ ಬೋರಲ ಬಿತ್ತು. ಹಿಂದ ನಾನು, ಗಳ ಬಿಟ್ಟು ಬೀಡಿ ಸೇದಕೋತ!

“ಯಾರೋ ನೀ?” ಡೈರೆಕ್ಟರು ಚೀರಿದ್ರು.

“ಈ ಮನಿ ನಡುಗಂಬರೀ.”

ಸತ್ತ ಅತ್ತಿ

ಧಾರಾವಾಹ್ಯಾಗ ಅತ್ತಿ ಸತ್ಲು. ಮರುದಿನ ಮಸೂತಿ ಊರಿನ ಹೆಣ್ಣಮಕ್ಕಳು ಟಂಟಂ ಗಾಡಿ ತುಂಬ ಬಂದ್ರು. ಸತ್ತವರ ಮನ್ಯಾಗ ಒಲಿ ಹಚ್ಚಂಗಿಲ್ಲಲ್ಲ, ಸೊಸಿಗಂತ ರೊಟ್ಟಿ ಬುತ್ತಿ ತಂದಿದ್ರು. ಅತ್ತಿ ಪಾರ್ಟಿನಾಕಿ ಅಲ್ಲೇ ಇದ್ಲು. ಹಸದಿದ್ಲು ಪಾಪ, ಕುಂತು ಬುತ್ತಿ ಖಾಲಿ ಮಾಡಿದ್ಲು.

ಒಬ್ಬ ಮುದುಕಿ ಗಲ್ಲಕ್ಕ ಕೈ ಹಚ್ಚಿಕೊಂಡು, “ಸತ್ತರೂ ಸೊಸಿಗೆ ಉಳಸಲಿಲ್ಲ ನೋಡವಾ!”

ಬಾಗಿಲಾ

ಮತ್ತ ಸಿನಿಮಾ ಕಾಲಕ್ಕ ಬರ್ತೇನಿ. ಸಂತಿ ಸೀನಿಗೆ ಮೋರಟಗಿ ಊರಿನ ಹೆಣ್ಣಮಕ್ಕಳನ್ನ ಕರಸಿದ್ರು. ಬಿಸಲಿಗೆ ಸಾಕಾಗಿ ಒಬ್ಬಾಕಿ, ಖರೇ ಮನಿ ಅಂತ ತಿಳಿದು ಬಾಗಿಲಾ ಬಡದ್ಲು.

“ಯಾರದೀರಿ ಒಳಗ? ಒಂದೀಟು ನೀರು ಕೊಡ್ರಿ.”

ಮನಿಗೆ ಬಂದವರಿಗೆ ಇಲ್ಲ ಅನ್ನಾಕ ಬರ್ತೈತೇನು? ಒಂದ ಕೈಲೆ ಗಳ ಹಿಡಕೊಂಡು, ಇನ್ನೊಂದು ಕೈಲೆ ಬಾಗಿಲಾ ತಗದು ತಂಬಿಗಿ ಕೊಟ್ಟೆ. ಕುಡದು ಒಳಗ ಹಣಿಕಿ ಹಾಕಿದ್ಲು. ಬರೇ ಜ್ವಾಳದ ಹೊಲ.

“ಇದೆಂಥಾ ಮನಿ? ಒಲೀನ ಇಲ್ಲ!”

“ನೀವು ಬಂದ್ರ ಹೂಡತೇನ್ರಿ.”

ಮುಂದಿನ ಸುಗ್ಗ್ಯಾಗ ಹೂಡಿದೆ.

ಮೇಡಂ ಕಣ್ಣು ಒರಸಿಕೊಂಡು, “ಈ ಬಾಗಿಲಾ ಕೀಳೂದಿಲ್ಲ ಬಿಡಜ್ಜಾ” ಅಂದ್ರು. ಅಷ್ಟರಾಗ ಹಿಂದಿನಿಂದ ನಕ್ಕ ಸಪ್ಪಳ. ಆ ಮೋರಟಗಿಯಾಕಿ, ನನ್ನ ಹೇಣ್ತಿ, ಊಟಕ್ಕ ಕರಿಯಾಕ ಬಂದು ನಿಂತಿದ್ಲು.

“ಮೇಡಂ, ಆ ಬಾಗಿಲಾ ನನ್ನ ಮೊದಲ್ನೇ ಬಾಣಂತನದಾಗ ಇವರ ಒಡದು ನೀರೊಲಿಗೆ ಹಾಕ್ಯಾರ. ಇದು ಹೋದ ವರ್ಷ ಇಲ್ಲಿ ಹುಡುಗ್ರು ನಾಟಕಕ್ಕ ಮಾಡಿದ್ದು.”

ಮೇಡಂ ನನ್ನ ಮಾರಿ ನೋಡಿದ್ರು. ನಾ ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡೆ.

“ಇರವಲ್ದ್ಯಾಕ ಬಿಡ್ರಿ. ಆ ಬಾಗಿಲಾರೆ ಎಲ್ಲಿ ಖರೇ ಇತ್ತು?”