ಸದ್ದಿಲ್ಲದ ರಿಪೇರಿ

"ನೋಡ್ತಾ ಇರು, ಗುಂಡುಸೂಜಿ ಬಿದ್ದಷ್ಟೂ ಸದ್ದಾಗದ ಹಾಗೆ ಕೆಲಸ ಮುಗಿಸ್ತೀನಿ!"

ಹೆಂಡತಿ ಗೆಸಿನೆಯ ಮುಂದೆ ನಾನು ಹೀಗೆ ಎದೆ ತಟ್ಟಿಕೊಂಡದ್ದು ಭಾನುವಾರ ಮಧ್ಯಾಹ್ನ ಒಂದೂವರೆಗೆ. ಜರ್ಮನಿಯ ನಮ್ಮ ಹಳ್ಳಿಯಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ, ಡ್ರಿಲ್ ಹಿಡಿದವನನ್ನು ಕಳ್ಳನಿಗಿಂತ ಕಡೆಯಾಗಿ ನೋಡುತ್ತಾರೆ. ಕಳ್ಳನಾದರೂ ಸದ್ದು ಮಾಡುವುದಿಲ್ಲವಲ್ಲ!

"ರೀ, ಸುಮ್ನೆ ಕೂತ್ಕೊಳ್ಳಿ. ನಾಳೆ ಎಂಟಕ್ಕೆ ತಪಾಸಣೆ. ಇವತ್ತು ಅದನ್ನ ಮುಟ್ಟಬೇಡಿ."

ಅದು ಅಂದರೆ ನನ್ನ ಪಟ್ಟದರಾಣಿ. ಐವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹುಟ್ಟಿದ, ಒಂಬತ್ತು ಮೀಟರ್ ಉದ್ದದ ಮನೆಗಾಡಿ. ಒಲೆ, ಹಾಸಿಗೆ, ಕಕ್ಕಸು ಎಲ್ಲ ಒಳಗೇ ಉಂಟು. ಅಂಗುಲದ ಅಳತೆಯಲ್ಲಿ ಹುಟ್ಟಿದ ಈ ಮಹಾರಾಣಿ ಆರು ವರ್ಷದಿಂದ ನಮ್ಮ ಅಂಗಳ ಬಿಟ್ಟು ಒಂದಂಗುಲ ಕದಲಿರಲಿಲ್ಲ! ಅಷ್ಟೂ ವರ್ಷ ರಿಪೇರಿ ಮಾಡಿ ಮಾಡಿ ಅಂತೂ ಈಗ ಎಂಜಿನ್ನು ಉಸಿರಾಡುವಂತಾಗಿತ್ತು.

"ನಾಳೆ ಪಾಸಾದ್ರೆ ಇಬ್ಬರೂ ಇದರಲ್ಲೇ ಸಮುದ್ರಕ್ಕೆ," ಅಂದಳು ಗೆಸಿನೆ. "ಫೇಲಾದ್ರೆ ನಾನೊಬ್ಬಳೇ ರೈಲಲ್ಲಿ ಹೋಗ್ತೀನಿ. ನೀವು ಇಲ್ಲೇ ಇದರ ಕೆಳಗೆ ಮಲಗಿರಿ. ಆರು ಬೇಸಿಗೆ ಕಾದದ್ದು ಸಾಕು."

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಅದಕ್ಕೇ ನಿಜವಾಗಿ ಹೆದರಿಕೆಯಾಯಿತು. ಹೆದರಿದವನು ಸುಮ್ಮನೆ ಕೂರುವುದುಂಟೆ? ನಾಲ್ಕು ಸಲ ಎದ್ದೆ, ನಾಲ್ಕು ಸಲ ಕೂತೆ. ಹಾರ್ನು ಸ್ವಲ್ಪ ಗೊಗ್ಗರು ಅನ್ನಿಸಿತ್ತಲ್ಲ, ಸ್ಟೇರಿಂಗ್ ಮಧ್ಯದ ಬಟನ್ ಬಿಚ್ಚಿ ಒರೆಸಿದರೆ ಆಯಿತು. ಬಟ್ಟೆಯಲ್ಲಿ ಒರೆಸಿದರೆ ಸದ್ದೆಲ್ಲಿಂದ ಬರಬೇಕು! ಗೆಸಿನೆ ಪ್ಲಮ್ ಕೇಕಿನ ಹಿಟ್ಟು ಕಲಸಲು ಹೋದಳು, ನಾನು ಹಿಂಬಾಗಿಲಿಂದ ಜಾರಿದೆ.

ಮೊದಲು ಬ್ಯಾಟರಿ ತಂತಿ ಬಿಚ್ಚಬೇಕು, ಅಷ್ಟು ನನಗೂ ಗೊತ್ತು. ಆ ಬೋಲ್ಟು ಅರ್ಧ ಅಂಗುಲದ್ದು. ನನ್ನ ಅರ್ಧ ಅಂಗುಲದ ಸ್ಪ್ಯಾನರ್ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. ಹೊಸದು ತರೋಣವೆಂದರೆ ಭಾನುವಾರ, ಅಂಗಡಿಗಳೆಲ್ಲ ಬೀಗ. ಕೈಯಲ್ಲಿದ್ದದ್ದು ನಮ್ಮೂರ ಹದಿಮೂರು ಮಿಲಿಮೀಟರಿನದು. ಅರ್ಧ ಅಂಗುಲ ಅಂದರೆ ಹನ್ನೆರಡು ಪಾಯಿಂಟ್ ಏಳು. ಬರೀ ಪಾಯಿಂಟ್ ಮೂರರ ವ್ಯತ್ಯಾಸಕ್ಕೆ ಯಾರು ಅಳುತ್ತಾರೆ?

ಬೋಲ್ಟು ಅತ್ತಿತು! ಒಂದು ತಿರುವಿಗೆ ಅದರ ಆರೂ ಮೂಲೆ ಸವೆದು ಲಾಡುವಿನಂತೆ ಗುಂಡಾಯಿತು. ಹೋಗಲಿ, ಬ್ಯಾಟರಿ ಹಾಗೇ ಇರಲಿ ಅಂತ ಒಳಗೆ ಹತ್ತಿ ಹಾರ್ನಿನ ಬಟನ್ ಬಿಚ್ಚಿದೆ. ಒಳಗೆ ಬಟನ್ನನ್ನು ಮೇಲಕ್ಕೆ ಎತ್ತಿಹಿಡಿಯುವ ಒಂದು ಪುಟ್ಟ ಸ್ಪ್ರಿಂಗು. ಜೇಬಿಗೆ ಹಾಕಿಕೊಂಡೆ. ಒರೆಸಿದೆ. ಬಟನ್ ಮುಚ್ಚಿದೆ.

ಭೋಂ!

ನಿಲ್ಲಲಿಲ್ಲ. ಆಕಾಶ ಹರಿದುಬೀಳುವ ಹಾಗೆ ಒಂದೇ ಸಮನೆ ಭೋಂ! ಗುದ್ದಿದೆ, ಎಳೆದೆ, ಕೊನೆಗೆ ಸ್ಟೇರಿಂಗಿಗೆ ದಿಂಬು ಕಟ್ಟಿದೆ. ದಿಂಬಿನ ಕೈಲೇನಾಗುತ್ತದೆ, ಕೂಗುತ್ತಿದ್ದದ್ದು ಬಾನೆಟ್ಟಿನ ಕೆಳಗೆ! ಬ್ಯಾಟರಿಯತ್ತ ಓಡಿದರೆ ಲಾಡು ನನ್ನನ್ನು ನೋಡಿ ನಕ್ಕಿತು. ಬೀದಿಯ ಕಿಟಕಿಗಳೆಲ್ಲ ತೆರೆದವು. ಪಾದ್ರಿಗಳ ನಾಯಿ ಊಳಿಟ್ಟಿತು.

ಎದುರುಮನೆಯ ಲ್ಯೂಡೆಕೆ ಅರ್ಧ ನಿದ್ದೆಯಲ್ಲಿ, ಚಪ್ಪಲಿ ಅದಲುಬದಲು ಮಾಡಿಕೊಂಡು ಬಂದ. ನಾಳೆ ಗಾಡಿ ತಪಾಸಣೆ ಮಾಡುವ ಇನ್ಸ್‌ಪೆಕ್ಟರು ಬೇರೆ ಯಾರೂ ಅಲ್ಲ, ಇದೇ ಲ್ಯೂಡೆಕೆ!

"ಏನ್ರೀ ಇದು ಎಕ್‌ಬರ್ಟ್?" ಅಂತ ಕಿರುಚಿದ.

"ಸದ್ದಿಲ್ಲದ ಕೆಲಸ ಸಾರ್!" ಅಂತ ನಾನೂ ಕಿರುಚಿದೆ.

ಅಷ್ಟರಲ್ಲಿ ಹಿಟ್ಟಿನ ಕೈಯಲ್ಲೇ ಗೆಸಿನೆ ಬಂದಳು. ಯಾರನ್ನೂ ಕೇಳಲಿಲ್ಲ. ಗಾಡಿಯೊಳಗೆ ಬಗ್ಗಿ ಹಾರ್ನಿನ ಫ್ಯೂಸು ಕಿತ್ತಳು.

ಮೌನ! ಅಂಥ ಮೌನ ನಮ್ಮ ಬೀದಿ ಕಂಡಿರಲಿಲ್ಲ.

"ಫ್ಯೂಸ್ ಅಂತ ಒಂದಿರತ್ತೆ, ಆರು ವರ್ಷದಲ್ಲಿ ನೆನಪಾಗಲಿಲ್ವಾ?" ಅಂದಳು. "ಬಿಚ್ಚಿದ್ದೆಲ್ಲ ನಿಮ್ಮ ಜೇಬಲ್ಲೇ ಇರತ್ತೆ, ಕೊಡಿ." ಸ್ಪ್ರಿಂಗು ಕೊಟ್ಟೆ. ಹಾಕಿದಳು, ಬಟನ್ ಮುಚ್ಚಿದಳು, ಫ್ಯೂಸನ್ನು ಮತ್ತೆ ಸಿಕ್ಕಿಸಿದಳು. ಎರಡೇ ನಿಮಿಷ.

ರಾತ್ರಿಯಿಡೀ ಮಗ್ಗುಲು ಬದಲಾಯಿಸಿದೆ. ರೈಲು ಹೊರಡುವ ಸಮಯ ಗೆಸಿನೆ ಚೀಟಿಯಲ್ಲಿ ಬರೆದಿಟ್ಟಿದ್ದಳು.

ಸೋಮವಾರ ಲ್ಯೂಡೆಕೆ ಕೆಂಗಣ್ಣು ಬಿಟ್ಟುಕೊಂಡು ಗಾಡಿಯನ್ನು ಸುತ್ತಿದ. ಬ್ರೇಕು, ದೀಪ, ಗ್ಯಾಸಿನ ಕೊಳವೆ, ಒಂದೊಂದಕ್ಕೂ ತನ್ನ ಪಟ್ಟಿಯಲ್ಲಿ ಗುರುತು ಹಾಕಿದ. ಹಾರ್ನಿನ ಸಾಲಿಗೆ ಬಂದಾಗ ಪೆನ್ನು ತಡೆದ.

"ಒತ್ತಲಾ ಸಾರ್?"

"ಬೇಡ! ಅದು ಕೆಲಸ ಮಾಡತ್ತೆ ಅಂತ ಇಡೀ ಊರೇ ಸಾಕ್ಷಿ."

ಪಾಸು! ನನ್ನ ಕಣ್ಣಲ್ಲಿ ನೀರು ಬಂತು. ಗೆಸಿನೆ ರೈಲಿನ ಚೀಟಿ ಹರಿದು ಬುಟ್ಟಿಗೆ ಹಾಕಿದಳು. ಲ್ಯೂಡೆಕೆ ಹಳೇ ಗಾಡಿಗಳಿಗೆ ಕೊಡುವ ಗೌರವದ ಪತ್ರಕ್ಕೂ ಸಹಿ ಹಾಕಿದ. ಬೀಗದ ಕೈಗೆ ನಾನು ಕೈ ಚಾಚುವಷ್ಟರಲ್ಲಿ ಗೆಸಿನೆ ಅದನ್ನು ಕಸಿದುಕೊಂಡು ಡ್ರೈವರ್ ಸೀಟಿಗೆ ಹತ್ತಿದಳು.

"ಸಾಹೇಬ್ರೇ, ನಮ್ಮನೆಯವರೂ ಹಳಬರೇ," ಅಂದಳು ಕಿಟಕಿಯಿಂದ. "ಇವರಿಗೂ ಇಂಥದ್ದೇ ಒಂದು ಪತ್ರ ಬರ್ಕೊಡಿ."

ಲ್ಯೂಡೆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದ. ಪೆನ್ನು ಮುಚ್ಚಿ ಜೇಬಿಗಿಟ್ಟ.

"ಬರೀ ಹಳೇದಾದ್ರೆ ಸಾಕಾಗಲ್ಲಮ್ಮ. ರಿಪೇರಿ ಆಗೋ ಹಾಗೂ ಇರಬೇಕು."