ಸಿದ್ದೇಶ ಮನಸ್ಸು ಬಿಚ್ಚಿದ್ದು

ಬೇರೆಯವರ ಮನಸ್ಸಿಗೆ ಕೈ ಹಾಕುವ ಮೊದಲು ತನ್ನದನ್ನು ಬಿಚ್ಚಿ ತೋರಿಸಬೇಕು ಎಂಬುದು ಸಿದ್ದೇಶ ಮಂಡ್ಯದಲ್ಲಿ ಸೇರಿದ್ದ ಆಪ್ತಸಮಾಲೋಚನೆ ಕೋರ್ಸಿನ ನಿಯಮ. ಅದಕ್ಕಾಗಿ ಅವನು ವಾರವಾರವೂ ಮದ್ದೂರಿನ ಆಪ್ತಸಮಾಲೋಚಕಿ ಶಾಲಿನಿ ಮೇಡಂ ಎದುರು ಕೂತು, ನಾಲೆ ನೀರು, ರಸ್ತೆ ಕಾಮಗಾರಿಗಳ ಬಗ್ಗೆ ಮನಮುಟ್ಟುವಂತೆ ಮಾತಾಡಿ ಎದ್ದು ಬರುತ್ತಿದ್ದ. ಈ ವಾರವೂ ಬಾಯಿ ಬಿಡದಿದ್ದರೆ ಕೋರ್ಸಿನ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಸಹಿಯಿಲ್ಲದೆ ಪಾಸಿಲ್ಲ.

ಮಳವಳ್ಳಿಯಲ್ಲಿ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲೇ ನೆರೆಮನೆಯ ಮುದ್ದಮ್ಮ.

"ಇಸ್ತ್ರಿ ಅಂಗಿ ಆಕ್ಕೊಂಡು ಎಲ್ಲಿಗ್ಲಾ ಒಂಟೆ?"

ನಿಜ ಹೇಳಿದರೆ ಸಂಜೆಯೊಳಗೆ ಊರು ಅವನಿಗೆ ಹುಚ್ಚನ ಪಟ್ಟ ಕಟ್ಟಿಬಿಡುತ್ತಿತ್ತು. "ಎಣ್ಣ್ ನೋಡಕ್ಕೆ ಕಣ್ ದೊಡ್ಡವ್ವ" ಎಂದುಬಿಟ್ಟ. ಮುದ್ದಮ್ಮ ಆ ಕ್ಷಣವೇ ಅತ್ತ ತಿರುಗಿ ಫೋನಿನಲ್ಲಿ ಪಿಸುಗುಟ್ಟಿದಳು. ಮದ್ದೂರಿನಲ್ಲಿ ಇಳಿದು ಅವನಿಗೆ ಕಾಣದಂತೆ ಬೆನ್ನಿಗೇ ಬಿದ್ದಳು.

ಇದರ ಅರಿವಿಲ್ಲದ ಸಿದ್ದೇಶ ಅಂದು ಮೇಡಂ ಎದುರು ಕೊನೆಗೂ ಬಾಯಿ ಬಿಟ್ಟ. ಯಾರ ಕಷ್ಟ ಕೇಳಿದರೂ ತನಗೆ ಆಕಳಿಕೆ ಬರುತ್ತದೆಂದೂ, ಮನೆಯಲ್ಲಿ ಅವ್ವನ ದೂರು ಕೇಳಲಾರದೆ ತಪ್ಪಿಸಿಕೊಳ್ಳಲೆಂದೇ ಈ ಕೋರ್ಸಿಗೆ ಸೇರಿದೆನೆಂದೂ ಹೇಳಿ, ಜಾರಿಬಿದ್ದ ಮಗುವಿನಂತೆ ಅತ್ತ. ಮೇಡಂ ಮುಖದಲ್ಲಿ ಮೊದಲ ಸಲ ಕಳೆ ಬಂತು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೂವು ಹಣ್ಣಿನ ಚೀಲ ಹಿಡಿದು ಅವ್ವ ನಾಗರತ್ನ, ಅವಳ ಹಿಂದೆ ದಾರಿ ತೋರಿಸಿದ ಮುದ್ದಮ್ಮ.

"ಯಾಕ್ಲಾ ಅಳ್ತಿದ್ದೀಯೆ? ಎಣ್ಣು ಒಲ್ಲೆ ಅಂದ್ಳಾ?" ಎಂದಳು ಅವ್ವ.

ತಾವು ಆ ಹೆಣ್ಣಲ್ಲವೆಂದೂ, ಜನರ ಕಷ್ಟ ಕೇಳುವುದೇ ತಮ್ಮ ಕೆಲಸವೆಂದೂ ಮೇಡಂ ವಿವರಿಸಿದರು. ನಾಗರತ್ನ ಚೀಲ ಕೆಳಗಿಟ್ಟಳು.

"ಯಾರ್ದಾದ್ರೂ ಕೇಳ್ತೀರಾ?"

ಮೇಡಂ ಹೂಂ ಎಂದರು.

"ನೀನ್ ಆಚೆಗ್ ನಡೀಲಾ" ಎಂದು ಮಗನಿಗೆ ಹೇಳಿ ಅವ್ವ ಅವನ ಕುರ್ಚಿಯಲ್ಲಿ ಕೂತಳು.

ಹೊರಗಿನ ಬೆಂಚಿನಲ್ಲಿ ಮುದ್ದಮ್ಮ ಸೊಸೆಯ ವಿಷಯ ತೆಗೆದಳು. ಸಿದ್ದೇಶ ಕೂತು ಕೇಳಿಸಿಕೊಂಡ; ಬೇರೆ ದಾರಿಯಿರಲಿಲ್ಲ. ಬಹಳ ಹೊತ್ತಿನ ಮೇಲೆ ಮೇಡಂ ಕಣ್ಣೊರೆಸಿಕೊಳ್ಳುತ್ತ ಹೊರಬಂದರು.

"ಸಿದ್ದೇಶ್, ತಾಯಿ ಮಗ ಇಬ್ಬರನ್ನೂ ನಾನೇ ನೋಡೋ ಹಾಗಿಲ್ಲ. ಇನ್ಮೇಲೆ ಅಮ್ಮ ಬರ್ತಾರೆ. ನೀವು ಬೇರೆಯವರ ಹತ್ರ ಮೊದಲಿಂದ ಶುರು ಮಾಡಿ. ಸಹಿ ಅವರೇ ಹಾಕ್ತಾರೆ."

ವಾಪಸು ಬಸ್ಸಿನಲ್ಲಿ ಅವ್ವ ಹೂವಿನಷ್ಟು ಹಗುರಾಗಿ, ಬಾಳೆಹಣ್ಣು ಸುಲಿದು ತಿನ್ನುತ್ತಿದ್ದಳು. ಒಳಗೆ ಅಷ್ಟೊತ್ತು ಏನು ಹೇಳಿದೆ ಎಂದು ಸಿದ್ದೇಶ ಮೆಲ್ಲಗೆ ಕೇಳಿದ.

"ಎಲ್ಲಾ ನಿನ್ ಇಸ್ಯಾನೆ ಕಣ್ಲಾ" ಎಂದಳು ಅವ್ವ. "ಆದ್ರೆ ಆಚೆ ಯಾರ್ಗೂ ಏಳಂಗಿಲ್ವಂತೆ."